ಉಣಿಸಿದವರ ಹೆಸರು

ಮೆಲ್ಬರ್ನ್‌ನ ರಾಯಲ್ ಪಾರ್ಕಿನಲ್ಲಿ ಕಲ್ಲು ಒಟ್ಟಿ ಕಟ್ಟಿದ ಸ್ಮಾರಕವೊಂದಿದೆ. ಇಷ್ಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ ನಾನು ಮೊನ್ನೆ ಭಾನುವಾರ ನಿಂತು ಓದಿದೆ. 1860ರ ಆಗಸ್ಟ್ 20ರಂದು ಅನ್ವೇಷಕರಾದ ಬರ್ಕ್ ಮತ್ತು ವಿಲ್ಸ್ ಅವರ ತಂಡ ಆಸ್ಟ್ರೇಲಿಯಾ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟದ್ದು ಇಲ್ಲಿಂದ. ಆ ಧೀರ ನಾಯಕರಿಬ್ಬರೂ ಮರಳುವಾಗ ಕೂಪರ್ ಕ್ರೀಕ್ ಬಳಿ ಮಡಿದರು ಎಂದಿದೆ. ಅಲ್ಲಿ ಅವರ ಹೊಟ್ಟೆಗೆ ಹಾಕಿದವರ ಸುದ್ದಿಯೇ ಇಲ್ಲ.

ತಂಡದ ಒಂಟೆಗಳನ್ನು ನಡೆಸಲು ಭಾರತದಿಂದ ಬಂದವರಿದ್ದರು. ಅವರಲ್ಲಿ ಸಾಮ್ಲಾ ಎಂಬ ಹಿಂದೂ, ಕೊಟ್ಟ ಗೋಮಾಂಸ ತಿನ್ನಲಾರದೆ ಕೆಲವೇ ದಿನಗಳಲ್ಲಿ ಕೆಲಸ ಬಿಟ್ಟ. ಪರದೇಶದಲ್ಲಿ ಊಟಕ್ಕೆ ಪರದಾಡಿದ ನಮಗೆ ಅವನ ಸಂಕಟ ಅರ್ಥವಾಗುತ್ತದೆ.

ಕೂಪರ್ ಕ್ರೀಕ್ ಯಂದ್ರುವಂದ ಎಂಬ ಮೂಲನಿವಾಸಿ ಜನರ ನೆಲ. ಹಸಿದು ಬಂದ ಬರ್ಕ್, ವಿಲ್ಸ್ ಮತ್ತು ಅವರ ಜೊತೆಗಾರ ಕಿಂಗ್‌ಗೆ ಅವರು ಮೀನು ಕೊಟ್ಟರು, ನಾರ್ಡೂ ಎಂಬ ಜರಿಗಿಡದ ಕಾಯಿ ಅರೆದು ಮಾಡಿದ ರೊಟ್ಟಿ ಕೊಟ್ಟರು. ಬರ್ಕ್ ಒಮ್ಮೆ ಅವರತ್ತ ಪಿಸ್ತೂಲು ಹಾರಿಸಿದ. ಆಮೇಲೆ ಮೂವರೂ ತಾವೇ ನಾರ್ಡೂ ಆರಿಸಿ, ಬೀಸಿ ತಿಂದರು. ಹಸಿವಿದೆ, ರುಚಿಯಾಗಿಯೂ ಇದೆ, ಮೈಗೆ ಮಾತ್ರ ಹತ್ತುತ್ತಿಲ್ಲ ಎಂದು ವಿಲ್ಸ್ ದಿನಚರಿಯಲ್ಲಿ ಬರೆದ. ಕ್ರಮ ತಪ್ಪಿ ಸಿದ್ಧಪಡಿಸಿದ ನಾರ್ಡೂ ದೇಹದ ಬಿ1 ಜೀವಸತ್ವವನ್ನೇ ನಾಶಮಾಡುತ್ತದೆ. ಯಂದ್ರುವಂದ ಹೆಂಗಸರು ಅದನ್ನು ನೀರು ಬೆರೆಸಿ ಅರೆಯುತ್ತಿದ್ದರು. ಆ ನೀರಿನಲ್ಲೇ ಗುಟ್ಟಿತ್ತೆಂದು ವಿಜ್ಞಾನಿಗಳ ಅಂದಾಜು. ನಮ್ಮ ಮಲೆನಾಡಿನಲ್ಲಿ ನೀರು ಬದಲಿಸಿ ನೆನೆಸದ ಕಳಲೆಯನ್ನು ಯಾರಾದರೂ ಒಲೆಗೇರಿಸುತ್ತಾರೆಯೇ?

ನಾಯಕರಿಬ್ಬರೂ ಸತ್ತ ಮೇಲೆ ಕಿಂಗ್ ಆ ಜನರ ಬಳಿಗೇ ಹೋದ. ಅವರಿಗಾಗಿ ಹಕ್ಕಿ ಹೊಡೆದ, ಒಬ್ಬ ಹೆಂಗಸಿನ ತೋಳಿನ ಹುಣ್ಣಿಗೆ ಆರೈಕೆ ಮಾಡಿದ. ಅವರು ಅವನನ್ನು ತಮ್ಮವನಂತೆ ಸಾಕಿದರು. 1861ರ ಸೆಪ್ಟೆಂಬರ್‌ನಲ್ಲಿ ಹುಡುಕಿಕೊಂಡು ಬಂದವರಿಗೆ ಅವನು ಜೀವಂತ ಸಿಕ್ಕ.

ಮೆಲ್ಬರ್ನ್ ಸತ್ತವರಿಬ್ಬರಿಗೆ 1863ರಲ್ಲಿ ಸಾರ್ವಜನಿಕ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಸಿತು, 1865ರಲ್ಲಿ ಪ್ರತಿಮೆ ನಿಲ್ಲಿಸಿತು. ಯಂದ್ರುವಂದರಿಗೆ ಮಾನವೀಯತೆ ಮೆಚ್ಚಿ ಎದೆಗೆ ತೊಡುವ ಲೋಹದ ಫಲಕಗಳನ್ನು ಕಳುಹಿಸಿತು. ನನ್ನನ್ನು ಕಾಡುವುದು ಈ ಫಲಕಗಳೇ. ಅವುಗಳ ಹಿಂದೆಯೇ ಬಿಳಿಯ ವಲಸಿಗರ ಕುರಿದನಗಳ ಹಿಂಡು ಬಂತು. ಅದೇ ದಾರಿ, ಅದೇ ಮಡುಗಳು. ಜನ ಕುಡಿಯುತ್ತಿದ್ದ ನೀರು, ನಾರ್ಡೂ ಬೆಳೆಯುತ್ತಿದ್ದ ದಂಡೆ ದೊಡ್ಡಿಗಳ ಪಾಲಾದವು. ಉಣಿಸಿದವರು ತಮ್ಮ ನೆಲದಲ್ಲೇ ಪರರ ಆಳುಗಳಾದರು.

ಮುಂದಿನ ತಿಂಗಳ ನಮ್ಮ ನಡಿಗೆ ಆ ಸ್ಮಾರಕದಿಂದಲೇ ಶುರುವಾಗುತ್ತದೆ. ಮಕ್ಕಳನ್ನು ಕರೆತನ್ನಿ. ಕಲ್ಲಿನ ಮೇಲಿಲ್ಲದ ಹೆಸರನ್ನು ಅವರಿಂದ ಒಮ್ಮೆ ಗಟ್ಟಿಯಾಗಿ ಹೇಳಿಸಬೇಕೆಂದಿದ್ದೇನೆ: ಯಂದ್ರುವಂದ.