ಓಡುವಾಗ ಬೇಜಾರಾಗುತ್ತದೆ ಎಂದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಕಾಲು ನೋಯುವುದಿಲ್ಲ, ಉಸಿರೂ ಸಾಲುತ್ತದೆ, ಆದರೂ ಇಪ್ಪತ್ತನೇ ನಿಮಿಷಕ್ಕೆ ಬೇಜಾರು ಹತ್ತಿ ಮನೆ ಕಡೆ ತಿರುಗಿಬಿಡುತ್ತೇನೆ ಎಂದು ಬರೆದಿದ್ದೀಯ. ಅದನ್ನು ಛಲದ ಕೊರತೆ ಅಂತ ನೀನು ಅಂದುಕೊಂಡಿರುವುದು ನನಗೆ ಒಪ್ಪಿಗೆಯಿಲ್ಲ. ಓಟದ ಬೇಜಾರಿಗೆ ಕಾರಣಗಳಿರುತ್ತವೆ, ಅವು ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಕಾರಣ ಹುಡುಕದೆ ಕಿವಿಗೆ ಹಾಡು ತುರುಕಿಕೊಂಡರೆ ಎರಡು ವಾರ ನಡೆಯುತ್ತದೆ, ಮೂರನೇ ವಾರ ಹಾಡೂ ಬೇಜಾರಾಗುತ್ತದೆ.

ಮೊದಲು ಒಂದು ಪರೀಕ್ಷೆ ಮಾಡು. ಬೇಜಾರು ಬಂದ ಕ್ಷಣದಲ್ಲೇ ವೇಗವನ್ನು ಚೆನ್ನಾಗಿ ಇಳಿಸಿ ಎರಡು ನಿಮಿಷ ಓಡು. ಒಂದು ಪೂರ್ತಿ ವಾಕ್ಯವನ್ನು ಗಟ್ಟಿಯಾಗಿ, ನಡುವೆ ಉಸಿರು ಎಳೆಯದೆ ಹೇಳಿ ನೋಡು. ಇಷ್ಟರಲ್ಲಿ ಮನಸ್ಸು ಹಗುರಾದರೆ ನಿನ್ನದು ಬೇಜಾರಲ್ಲ, ದಣಿವು. ನಿಧಾನದ ಓಟ ಎಂದುಕೊಂಡು ನೀನು ಓಡುತ್ತಿರುವುದು ಅರೆಜೋರಿನ ಓಟ. ಆ ವೇಗ ಸುಖವಾಗಿ ಯೋಚಿಸುತ್ತಾ ಸಾಗುವಷ್ಟು ಸಲೀಸೂ ಅಲ್ಲ, ಮೈಯೆಲ್ಲ ಗಮನ ಕೇಳುವಷ್ಟು ಬಿರುಸೂ ಅಲ್ಲ. ಹೊಸಬರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ. ಹಾಗೆಯೇ ಮೊದಲ ಹತ್ತು ನಿಮಿಷದ ಬೇಸರವನ್ನು ಲೆಕ್ಕಕ್ಕೆ ಹಿಡಿಯಬೇಡ. ಹೃದಯ, ಉಸಿರು, ಸ್ನಾಯುಗಳು ಓಟದ ಬೇಡಿಕೆಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕೇ ಬೇಕು. ಆ ಹೊತ್ತಿನಲ್ಲಿ ಯಾವ ಓಟವೂ ಚೆನ್ನಾಗಿದೆ ಅನ್ನಿಸುವುದಿಲ್ಲ. ಐದು ನಿಮಿಷ ಚುರುಕಾಗಿ ನಡೆದು, ಆಮೇಲೆ ಐದು ನಿಮಿಷ ತೀರಾ ಮೆಲ್ಲಗೆ ಓಡಿ ದಾಟಿಬಿಡು.

ಇನ್ನು ನಿಜವಾದ ಬೇಜಾರಿಗೆ ಬರೋಣ. ಇದನ್ನು ಎರಡು ರೀತಿಯಲ್ಲಿ ನೀಗಬಹುದು. ಒಂದು, ಮನಸ್ಸನ್ನು ಓಟದಿಂದ ಆಚೆ ಕಳಿಸುವುದು. ಇನ್ನೊಂದು, ಓಟದ ಒಳಗೇ ಅದಕ್ಕೊಂದು ಕೆಲಸ ಕೊಡುವುದು. 1977ರಲ್ಲಿ ಸಂಶೋಧಕರಾದ ವಿಲಿಯಂ ಮಾರ್ಗನ್ ಮತ್ತು ಮೈಕೆಲ್ ಪೊಲಾಕ್ ನುರಿತ ಮ್ಯಾರಥಾನ್ ಓಟಗಾರರನ್ನು ಮಾತಾಡಿಸಿದಾಗ, ಅವರಲ್ಲಿ ಹೆಚ್ಚಿನವರು ಓಡುವಾಗ ಉಸಿರು, ಕಾಲಿನ ಬಿಗಿ, ವೇಗ ಇವನ್ನೇ ಗಮನಿಸುತ್ತಿರುತ್ತಾರೆ ಎಂದು ಕಂಡುಬಂತು. ಸಾಮಾನ್ಯ ಓಟಗಾರರು ಮಾತ್ರ ಮನಸ್ಸನ್ನು ಬೇರೆಲ್ಲೋ ಅಲೆಯಲು ಬಿಡುತ್ತಿದ್ದರು. ಹಾಗಂತ ಆಚೆ ಕಳಿಸುವುದು ಕೀಳು ಅಂತಲ್ಲ. ಮೆಲ್ಲನೆಯ ಓಟಕ್ಕೆ ಆಚೆ ಕಳಿಸುವ ದಾರಿ, ಬಿರುಸಿನ ಓಟಕ್ಕೆ ಒಳಗೆ ಕೆಲಸ ಕೊಡುವ ದಾರಿ. ಇವೆರಡನ್ನು ಅದಲುಬದಲು ಮಾಡಿಕೊಂಡಾಗಲೇ ಯಾವುದೂ ಹಿಡಿಸದೆ ಹೋಗುತ್ತದೆ.

ಹಾಡಿನ ವಿಷಯದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗೋರ್ಗಿಸ್ ವ್ಯಾಯಾಮ ಮತ್ತು ಸಂಗೀತದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಹದವಾದ ವೇಗದಲ್ಲಿ ಹಾಡು ಕೇಳುತ್ತಿದ್ದರೆ ಅದೇ ಶ್ರಮ ಕಡಿಮೆ ಅನ್ನಿಸುತ್ತದೆ. ನಿಮಿಷಕ್ಕೆ 120ರಿಂದ 140 ತಾಳ ಇರುವ ಹಾಡು ಹೆಚ್ಚಿನ ವ್ಯಾಯಾಮಕ್ಕೆ ಒಗ್ಗುತ್ತದೆ. ಆದರೆ ಏದುಸಿರು ಬರುವಷ್ಟು ಜೋರಾದ ಮೇಲೆ ಮೈಯ ಕೂಗು ಹಾಡನ್ನು ಮುಳುಗಿಸುತ್ತದೆ, ಆಗ ಹಾಡು ಶ್ರಮವನ್ನು ಮರೆಸುವುದಿಲ್ಲ. ಹೆಜ್ಜೆಗೆ ತಾಳ ಕೂಡಬೇಕೆಂದಿದ್ದರೆ ನಿನ್ನ ಹೆಜ್ಜೆಯನ್ನು ಒಂದು ನಿಮಿಷ ಎಣಿಸಿಕೋ. ಸಾಮಾನ್ಯವಾಗಿ 160ರಿಂದ 180ರ ನಡುವೆ ಇರುತ್ತದೆ. 170 ಬಂದರೆ 170 ತಾಳದ ಹಾಡೇ ಬೇಕೆಂದಿಲ್ಲ, 85 ತಾಳದ್ದೂ ಆಗುತ್ತದೆ, ಆಗ ತಾಳಕ್ಕೆ ಎರಡು ಹೆಜ್ಜೆ ಬೀಳುತ್ತವೆ.

ಪ್ಲೇಲಿಸ್ಟ್ ಮಾಡುವಾಗ ಎಲ್ಲರೂ ತಪ್ಪುವುದು ಜೋಡಣೆಯಲ್ಲಿ. ಮೈ ಜುಮ್ಮೆನ್ನಿಸುವ ಹಾಡನ್ನು ಮೊದಲಿಗೇ ಇಟ್ಟರೆ ಮೊದಲ ಕಿಲೋಮೀಟರಿನಲ್ಲೇ ಓಡಬೇಕಾದ್ದಕ್ಕಿಂತ ಜೋರಾಗಿ ಓಡಿ, ಉಳಿದದ್ದನ್ನು ಎಳೆದಾಡಬೇಕಾಗುತ್ತದೆ. ಮೊದಲ ಹತ್ತು ನಿಮಿಷ ನಿಧಾನದ ಹಾಡು ಇಡು, ಇಲ್ಲವೇ ಏನೂ ಬೇಡ. ನಿನ್ನ ಬೇಜಾರಿನ ಗಳಿಗೆ ಇಪ್ಪತ್ತನೇ ನಿಮಿಷ ಅಲ್ಲವೇ? ಎಲ್ಲಕ್ಕಿಂತ ಇಷ್ಟದ ಹಾಡು ಹದಿನೆಂಟಕ್ಕೆ ಶುರುವಾಗಲಿ. ಓಡುತ್ತಾ ಫೋನು ತೆಗೆದು ಹಾಡು ಬದಲಿಸಬೇಡ, ಎಡವುವುದು ಆಗಲೇ. ವಾರಕ್ಕೊಮ್ಮೆಯಾದರೂ ಕಿವಿಗೆ ಏನೂ ಇಲ್ಲದೆ ಓಡು, ಇಲ್ಲವಾದರೆ ಬ್ಯಾಟರಿ ಮುಗಿದ ದಿನ ಓಟವೂ ಮುಗಿಯುತ್ತದೆ.

ಮಾತು ಕೇಳುವುದು ಹಾಡಿಗಿಂತ ಬೇರೆ ಬಗೆ. ಪಾಡ್‌ಕಾಸ್ಟ್, ಕಥೆ, ಆಡಿಯೊ ಪುಸ್ತಕ ಇವು ದೂರದ ಮೆಲ್ಲನೆಯ ಓಟಕ್ಕೆ ಹೇಳಿ ಮಾಡಿಸಿದಂತಿವೆ. ಒಂದು ಕಟ್ಟು ಮಾಡಿಕೊಂಡರೆ ಇನ್ನೂ ಚೆನ್ನ: ಕುತೂಹಲ ಕೆರಳಿಸುವ ಒಂದು ಕಥೆಯನ್ನು ಓಡುವಾಗ ಮಾತ್ರ ಕೇಳಬೇಕು, ಮನೆಯಲ್ಲಿ ಮುಟ್ಟಬಾರದು. 2014ರಲ್ಲಿ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಬಿಡಲಾಗದಂಥ ಆಡಿಯೊ ಕಾದಂಬರಿಗಳು ಜಿಮ್‌ನಲ್ಲಿ ಮಾತ್ರ ಸಿಗುವಂತೆ ಮಾಡಿದ್ದ ಗುಂಪಿನವರು ಶುರುವಿನಲ್ಲಿ ಇತರರಿಗಿಂತ 51% ಹೆಚ್ಚು ಸಲ ಜಿಮ್‌ಗೆ ಹೋದರು. ನಡುವೆ ಹಬ್ಬದ ರಜೆ ಬಂದ ಮೇಲೆ ಆ ಪರಿಣಾಮ ಇಳಿಯಿತು. ಅಂದರೆ ಕಟ್ಟು ತಾನಾಗಿ ಉಳಿಯುವುದಿಲ್ಲ, ಓಟ ತಪ್ಪಿದ ವಾರದ ನಂತರ ಹೊಸ ಕಥೆ ಹಿಡಿದು ಮತ್ತೆ ಕಟ್ಟಿಕೊಳ್ಳಬೇಕು. ಕಥೆಯ ಭಾಗ ಓಟಕ್ಕಿಂತ ಐದು ನಿಮಿಷ ಉದ್ದವಿರಲಿ. ಅರ್ಧಕ್ಕೆ ನಿಂತ ಕಥೆ ಮರುದಿನ ಶೂ ಹಾಕಿಸುತ್ತದೆ.

ಕಿವಿಯ ಬಗ್ಗೆ ಒಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ರಸ್ತೆಯಲ್ಲಿ ಓಡುವಾಗ ನಿನ್ನ ಹೆಜ್ಜೆಯ ಸದ್ದು ನಿನಗೆ ಕೇಳುವಷ್ಟೇ ದನಿ ಇಡು. ಹೊರಗಿನ ಸದ್ದನ್ನು ಅಡಗಿಸುವ ಸೌಲಭ್ಯ ಇದ್ದರೆ ಆರಿಸಿಬಿಡು. ಒಂದೇ ಕಿವಿಗೆ ಹಾಕಿಕೊಳ್ಳುವುದೋ, ಕೆನ್ನೆಯ ಮೂಳೆಯ ಮೂಲಕ ಸದ್ದು ಮುಟ್ಟಿಸಿ ಕಿವಿಯ ತೂತನ್ನು ತೆರೆದೇ ಬಿಡುವ ಹೆಡ್‌ಫೋನ್ ಬಳಸುವುದೋ ಕ್ಷೇಮ. ಕಾಲುದಾರಿ ಇಲ್ಲದ ಕಡೆ ವಾಹನಗಳಿಗೆ ಎದುರಾಗಿ ಓಡು.

ಈಗ ಒಳಗೆ ಕೆಲಸ ಕೊಡುವ ದಾರಿ. ನನಗೆ ಹೆಚ್ಚು ನಂಬಿಕೆ ಇರುವುದು ಇದರಲ್ಲೇ, ಏಕೆಂದರೆ ಇದಕ್ಕೆ ಯಾವ ಉಪಕರಣವೂ ಬೇಡ. ಎಲ್ಲಕ್ಕಿಂತ ಸರಳವಾದದ್ದು ಎಣಿಕೆ. ಬಲಗಾಲು ಊರಿದಾಗ ಮಾತ್ರ ಎಣಿಸುತ್ತಾ ನೂರು ಮುಟ್ಟಿಸಿ ಮತ್ತೆ ಒಂದರಿಂದ ಶುರುಮಾಡು. ನಿಮಿಷಕ್ಕೆ 170 ಹೆಜ್ಜೆಯಾದರೆ ಬಲಗಾಲಿಗೆ 85, ಹಾಗಾಗಿ ಒಂದು ನೂರಕ್ಕೆ ಸುಮಾರು 70 ಸೆಕೆಂಡ್. ಕಿಲೋಮೀಟರಿಗೆ ಆರು ನಿಮಿಷದ ವೇಗದಲ್ಲಿ ಐದು ನೂರು ಮುಗಿಯುವಾಗ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಆಗಿರುತ್ತದೆ. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ ಪೌಲಾ ರ‍್ಯಾಡ್‌ಕ್ಲಿಫ್ ಸ್ಪರ್ಧೆಗಳಲ್ಲಿ ನೂರರವರೆಗೆ ಎಣಿಸುತ್ತಿದ್ದರು, ಮೂರು ನೂರಾದರೆ ಅವರಿಗೆ ಒಂದು ಮೈಲಿ. ಎಣಿಕೆ ತಪ್ಪಿದರೆ ಚಿಂತೆ ಬೇಡ, ಒಂದರಿಂದ ಶುರುಮಾಡು. ಮನಸ್ಸು ಎಲ್ಲೋ ಹೋಗಿತ್ತು ಎಂದರೆ ಬೇಜಾರಂತೂ ಇರಲಿಲ್ಲ ಎಂದೇ ಅರ್ಥ.

ಉಸಿರನ್ನು ಹೆಜ್ಜೆಗೆ ಹೊಂದಿಸುವುದೂ ಒಂದು ಕೆಲಸವೇ. ಮೂರು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಒಟ್ಟು ಐದು, ಬೆಸ ಸಂಖ್ಯೆ. ಹಾಗಾಗಿ ಉಸಿರು ಬಿಡಲು ತೊಡಗುವುದು ಒಮ್ಮೆ ಎಡಗಾಲಿನ ಮೇಲೆ, ಮುಂದಿನ ಸಲ ಬಲಗಾಲಿನ ಮೇಲೆ. ಜೋರಾದಾಗ ಎರಡಕ್ಕೆ ಒಳಗೆ, ಒಂದಕ್ಕೆ ಹೊರಗೆ. ಇದನ್ನು ಒಂದೆರಡು ನಿಮಿಷ ಮಾಡಿ ಬಿಟ್ಟುಬಿಡು. ಓಟವಿಡೀ ಉಸಿರನ್ನೇ ಕಾಯುತ್ತಾ ಕೂತರೆ ಮೈ ಬಿಗಿಯುತ್ತದೆ.

ಆದರೆ ಎಣಿಕೆ, ಉಸಿರು ಎರಡೂ ವೇಗ ಬದಲಿಸುವುದರ ಮುಂದೆ ಸಣ್ಣವು. ನಲವತ್ತು ನಿಮಿಷ ಒಂದೇ ವೇಗದಲ್ಲಿ ಓಡಿದರೆ ಮನಸ್ಸಿಗೆ ಕಾಯಲು ಏನೂ ಇರುವುದಿಲ್ಲ. 1930ರ ದಶಕದಲ್ಲಿ ಸ್ವೀಡನ್ನಿನ ತರಬೇತುದಾರ ಯೋಸ್ಟಾ ಹೋಲ್ಮೆರ್ ಫಾರ್ಟ್‌ಲೆಕ್ ಎಂಬ ಓಟವನ್ನು ರೂಪಿಸಿದರು. ಅದರಲ್ಲಿ ನಿಗದಿ ಎಂಬುದೇ ಇಲ್ಲ. ಹತ್ತು ನಿಮಿಷ ಮೆಲ್ಲಗೆ ಓಡಿ ಮೈ ಬಿಸಿ ಮಾಡಿಕೋ. ಆಮೇಲೆ ಕಣ್ಣಿಗೆ ಕಂಡ ಮರವನ್ನೋ ಕಂಬವನ್ನೋ ಗುರಿ ಮಾಡಿ ಅಲ್ಲಿಯವರೆಗೆ ಜೋರಾಗಿ ಓಡು, ಉಸಿರು ಮರಳುವ ತನಕ ಮೆಲ್ಲಗೆ, ಮತ್ತೆ ಇನ್ನೊಂದು ಗುರಿ. ಒಂದು ದೂರದ್ದು, ಒಂದು ಹತ್ತಿರದ್ದು, ಒಂದು ಏರು. ಇಪ್ಪತ್ತು ನಿಮಿಷ ಹೀಗೆ, ಕೊನೆಗೆ ಹತ್ತು ನಿಮಿಷ ಮೆಲ್ಲಗೆ. ಮೊದಲ ಮೂರು ಗುರಿಗಳಿಗೇ ಪ್ರಾಣ ಬಿಟ್ಟು ಓಡಬಾರದು, ಕೊನೆಯದೂ ಮೊದಲಿನಷ್ಟೇ ಚುರುಕಾಗಿ ಬರಬೇಕು.

ನಿಗದಿ ಬೇಕು ಎನ್ನುವ ಸ್ವಭಾವ ನಿನ್ನದಾದರೆ ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್ಬೊ ಮತ್ತು ಜೊತೆಗಾರರ 30-20-10 ಪದ್ಧತಿ ಇದೆ. 30 ಸೆಕೆಂಡ್ ಮೆಲ್ಲಗೆ, 20 ಸೆಕೆಂಡ್ ಹದವಾಗಿ, 10 ಸೆಕೆಂಡ್ ಬಿರುಸಾಗಿ. ಬಿಡುವಿಲ್ಲದೆ ಐದು ಸಲ ಆದರೆ ಐದು ನಿಮಿಷದ ಒಂದು ಕಂತು. ಎರಡು ನಿಮಿಷ ಸುಧಾರಿಸಿಕೊಂಡು ಮುಂದಿನ ಕಂತು, ಒಟ್ಟು ಮೂರು. ಇದರಲ್ಲಿ ಯಾವ ವೇಗವೂ ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಬೇಜಾರಿಗೆ ಜಾಗವೇ ಇಲ್ಲ. ಗಡಿಯಾರ ನೋಡುತ್ತಾ ಓಡಲಾಗದು, ಫೋನಿನಲ್ಲೋ ಕೈಗಡಿಯಾರದಲ್ಲೋ ಬೀಪ್ ಹೊಂದಿಸಿಕೋ. ಫಾರ್ಟ್‌ಲೆಕ್ಕೋ ಇದೋ, ವಾರಕ್ಕೆ ಒಂದು ದಿನ ಸಾಕು. ಎರಡನ್ನೂ ಮಾಡಿದರೆ ನಡುವೆ ಎರಡು ದಿನವಾದರೂ ಅಂತರವಿರಲಿ.

ದಾರಿಯನ್ನೂ ನೋಡಿಕೊಳ್ಳಬೇಕು. ಮನೆ ಮುಂದೆಯೇ ಹಾದುಹೋಗುವ ಸಣ್ಣ ಸುತ್ತು ಪ್ರತಿ ಸುತ್ತಿಗೂ ನಿಲ್ಲು ನಿಲ್ಲು ಎನ್ನುತ್ತದೆ. ಹೋಗಿ ಬರುವ ದಾರಿಯಲ್ಲಿ ಆ ಆಮಿಷ ಇಲ್ಲ, ಇಪ್ಪತ್ತು ನಿಮಿಷ ಹೋದವನು ಇಪ್ಪತ್ತು ನಿಮಿಷ ಬರಲೇಬೇಕು. ಹಳೆಯ ದಾರಿಯನ್ನೇ ಉಲ್ಟಾ ಓಡಿದರೂ ಏರೆಲ್ಲ ಇಳಿಜಾರಾಗಿ ಬೇರೆಯೇ ದಾರಿ ಅನ್ನಿಸುತ್ತದೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ 3100 ಮೈಲಿಯ ಒಂದು ಸ್ಪರ್ಧೆ ನಡೆಯುತ್ತದೆ. ಸುಮಾರು 883 ಮೀಟರಿನ ಒಂದೇ ಸುತ್ತನ್ನು 52 ದಿನಗಳೊಳಗೆ 5649 ಸಲ ಸುತ್ತಬೇಕು. ಅಲ್ಲೂ ಓಟದ ದಿಕ್ಕನ್ನು ದಿನಕ್ಕೊಮ್ಮೆ ಬದಲಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ರಿಕಿ ಗೇಟ್ಸ್ ಎಂಬ ಓಟಗಾರ 2018ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರತಿಯೊಂದು ಬೀದಿಯನ್ನೂ ಓಡಿ ಮುಗಿಸಿದರು. ನಿನ್ನ ಸುತ್ತಮುತ್ತಲಿನ ನಕ್ಷೆ ಮುದ್ರಿಸಿಕೊಂಡು, ಓಡಿದ ಬೀದಿಗೆ ಬಣ್ಣ ಹಚ್ಚುತ್ತಾ ಹೋಗು. ಎಲ್ಲಿಗೆ ಓಡಲಿ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಟ್ರ್ಯಾಕ್‌ನಲ್ಲಿ ಓಡಬೇಕಾದರೆ ಸುತ್ತಿಗೊಂದು ಲೇನ್ ಬದಲಿಸು. ಒಳಗಿನದು 400 ಮೀಟರ್, ಎಂಟನೆಯದು ಸುಮಾರು 453.

ಟ್ರೆಡ್‌ಮಿಲ್ ಮೇಲೆ ಬೇಜಾರು ದುಪ್ಪಟ್ಟು ಎಂದಿದ್ದೀಯ. ಅದರಲ್ಲಿ ಒಂದು ಪಾಲು ಬೇಜಾರೇ ಅಲ್ಲ, ಸೆಕೆ. ನೀನು ಮುಂದೆ ಸಾಗದ ಕಾರಣ ಮೈಗೆ ಗಾಳಿ ತಾಕುವುದಿಲ್ಲ, ಬೆವರು ಆರುವುದಿಲ್ಲ, ಅದೇ ವೇಗ ಭಾರವಾಗುತ್ತದೆ. ಎದೆಗೆ ನೇರವಾಗಿ ಬೀಸುವ ಫ್ಯಾನ್ ಇಟ್ಟು ನೋಡು, ಅರ್ಧ ದೂರು ನಿಲ್ಲುತ್ತದೆ. ಉಳಿದದ್ದಕ್ಕೆ ಮೂರು ನಿಮಿಷಕ್ಕೊಮ್ಮೆ ಏನಾದರೂ ಒಂದನ್ನು ಬದಲಿಸು. ಏರನ್ನು 1%ರಿಂದ 3%ಗೆ, ಮತ್ತೆ 1%ಗೆ, ಆಮೇಲೆ ವೇಗವನ್ನು ಗಂಟೆಗೆ ಅರ್ಧ ಕಿಲೋಮೀಟರ್ ಮೇಲೆ, ಮತ್ತೆ ಕೆಳಗೆ. ಪರದೆಯ ಸೆಕೆಂಡುಗಳನ್ನು ನೋಡುತ್ತಿದ್ದರೆ ಹೊತ್ತು ಹೋಗದು, ಸಮಯ ಕಾಣದ ಬೇರೆ ನೋಟಕ್ಕೆ ಬದಲಿಸಿಕೋ. ಪರದೆಗೆ ಟವೆಲ್ ಹೊದಿಸಬೇಡ, ಅದು ಬೆಲ್ಟಿನ ಮೇಲೆ ಜಾರಿದರೆ ಬೀಳುವವನು ನೀನು. ವೀಡಿಯೊ ನೋಡುವುದಾದರೆ ಪರದೆ ಕಣ್ಣಿನ ಮಟ್ಟಕ್ಕಿರಲಿ, ತಗ್ಗಿದ್ದರೆ ಕತ್ತು ಹಿಡಿಯುತ್ತದೆ.

ಜೊತೆಗಾರರು ಸಿಕ್ಕರೆ ಈ ಉಪಾಯಗಳಲ್ಲಿ ಎಷ್ಟೋ ಬೇಕಾಗುವುದೇ ಇಲ್ಲ. ವೇಗ ಹೊಂದದಿರುವುದೇ ತೊಡಕು. ಅದಕ್ಕೊಂದು ಉಪಾಯ: ಇಬ್ಬರೂ ಒಟ್ಟಿಗೆ ಹೊರಡಿ, ತಮ್ಮ ತಮ್ಮ ವೇಗದಲ್ಲಿ ಓಡಿ, ಇಪ್ಪತ್ತನೇ ನಿಮಿಷಕ್ಕೆ ಇದ್ದಲ್ಲಿಂದಲೇ ತಿರುಗಿ. ಚುರುಕಿನವನು ಹೆಚ್ಚು ದೂರ ಹೋಗಿರುತ್ತಾನೆ, ಆದರೆ ಹೊರಟ ಜಾಗಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಬರುತ್ತೀರಿ. 1938ರಲ್ಲಿ ಕ್ವಾಲಾಲಂಪುರದಲ್ಲಿ ಶುರುವಾದ ಹ್ಯಾಶ್ ಹೌಸ್ ಹ್ಯಾರಿಯರ್ಸ್ ಕೂಟದವರು ಇದನ್ನು ಆಟವನ್ನಾಗಿಯೇ ಮಾಡಿದ್ದಾರೆ. ಒಬ್ಬ ಮೊದಲೇ ಹೋಗಿ ದಾರಿಯಲ್ಲಿ ಗುರುತು ಹಾಕುತ್ತಾನೆ, ನಡುನಡುವೆ ಸುಳ್ಳು ಗುರುತನ್ನೂ ಹಾಕುತ್ತಾನೆ. ಮುಂದೆ ಓಡಿದವರು ತಪ್ಪುದಾರಿ ಹಿಡಿದು ಮರಳುವಷ್ಟರಲ್ಲಿ ಹಿಂದಿನವರು ಬಂದು ಕೂಡಿಕೊಳ್ಳುತ್ತಾರೆ.

ಇಷ್ಟಾದ ಮೇಲೂ, ಓಟಕ್ಕೆ ಹೊರಡುವ ಮುಂಚೆಯೇ ಬೇಜಾರು ಬರುತ್ತಿದ್ದರೆ ಅದು ವಾರಗಳ ಏಕತಾನತೆ. ಇದನ್ನು ಅಳೆಯುವ ಲೆಕ್ಕವೊಂದನ್ನು ವ್ಯಾಯಾಮ ಸಂಶೋಧಕ ಕಾರ್ಲ್ ಫಾಸ್ಟರ್ 1998ರಲ್ಲಿ ಕೊಟ್ಟರು. ಪ್ರತಿ ದಿನದ ಓಟದ ನಿಮಿಷಗಳನ್ನು ಆ ಓಟ ಎಷ್ಟು ಕಷ್ಟವಾಯಿತು ಎಂಬುದಕ್ಕೆ ಹತ್ತರಲ್ಲಿ ನೀನೇ ಕೊಡುವ ಅಂಕದಿಂದ ಗುಣಿಸು. ಏಳು ದಿನಗಳ ಸರಾಸರಿಯನ್ನು ಅವುಗಳ ಪ್ರಮಾಣ ವಿಚಲನೆಯಿಂದ, ಅಂದರೆ ದಿನದಿಂದ ದಿನಕ್ಕೆ ಆ ಸಂಖ್ಯೆ ಎಷ್ಟು ಏರಿಳಿಯುತ್ತದೆ ಎಂದು ಹೇಳುವ ಅಳತೆಯಿಂದ (standard deviation) ಭಾಗಿಸು. ಉತ್ತರ ದೊಡ್ಡದಾದಷ್ಟೂ ಏಕತಾನತೆ ಹೆಚ್ಚು. ಆರು ದಿನ 40 ನಿಮಿಷ ನಾಲ್ಕು ಅಂಕದ ಓಟ, ಒಂದು ದಿನ ಬಿಡುವು ಎಂದರೆ ಒಟ್ಟು 960, ಉತ್ತರ ಎರಡನ್ನು ದಾಟುತ್ತದೆ. ಅದರ ಬದಲು 40 ನಿಮಿಷದ ಏಳು ಅಂಕದ ಬಿರುಸಿನ ಓಟ ಒಂದು, ಮೂರು ಅಂಕದ 30 ಮತ್ತು 20 ನಿಮಿಷದ ಓಟ ಒಂದೊಂದು, ನಾಲ್ಕು ಅಂಕದ 40 ಮತ್ತು 90 ನಿಮಿಷದ ಓಟ ಒಂದೊಂದು, ಎರಡು ದಿನ ಬಿಡುವು ಎಂದು ಹಂಚಿದರೆ ಒಟ್ಟು 950. ಭಾರ ಹೆಚ್ಚುಕಡಿಮೆ ಅಷ್ಟೇ, ಆದರೆ ಉತ್ತರ ಒಂದರ ಆಸುಪಾಸಿಗೆ ಇಳಿಯುತ್ತದೆ. 90 ನಿಮಿಷಕ್ಕೆ ಒಮ್ಮೆಲೇ ಹಾರಬೇಡ. ಈಗ ಓಡುತ್ತಿರುವ ಅತಿ ದೂರದ ಓಟಕ್ಕೆ ವಾರಕ್ಕೆ ಹತ್ತು ನಿಮಿಷದಂತೆ ಸೇರಿಸುತ್ತಾ ಹೋಗು.

ನಿದ್ದೆ ಕೆಟ್ಟು, ಬೆಳಗಿನ ನಾಡಿ ಎಂದಿಗಿಂತ ಜೋರಾಗಿದ್ದು, ಓಟದ ಹೆಸರೆತ್ತಿದರೆ ಸಾಕೆನ್ನಿಸುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡಬೇಡ. ನಾಲ್ಕೈದು ದಿನ ಓಟ ಬಿಟ್ಟು ನಡೆದಾಡಿಕೊಂಡಿರು. ಇಲ್ಲವಾದರೆ ಕಳೆದ ವಾರ ಯಾವ ದಿನ ಎಷ್ಟು ನಿಮಿಷ ಓಡಿದೆ, ಎಷ್ಟು ಅಂಕದ ಕಷ್ಟವಾಯಿತು ಎಂದು ಬರೆದು ಕಳಿಸು. ಮುಂದಿನ ನಾಲ್ಕು ವಾರದ ಓಟವನ್ನು ಇಬ್ಬರೂ ಕೂತು ಹಂಚೋಣ.

ನಿನ್ನ ಗೆಳೆಯ