ಬಚ್ಚಲೊಲೆಯ ಮುಂದೆ ಓದುತ್ತಿದ್ದವಳಿಗೆ

ತೀರ್ಥಹಳ್ಳಿ,
ಭಾನುವಾರ ರಾತ್ರಿ

ಪುಟ್ಟೀ,

ನಾಳೆ ನೀನು ಮೈಸೂರಿಗೆ ಹೊರಡುತ್ತೀಯ. ಸಂಜೆ ನಾನು ಕೂಗಾಡಿದ್ದು ತಪ್ಪು. "ನಾನು ನಿಮ್ಮ ರೋಗಿಯಲ್ಲ, ಮಗಳು" ಎಂದೆಯಲ್ಲ, ಉತ್ತರ ಹೊಳೆಯದೆ ತೋಟಕ್ಕೆ ಹೋಗಿಬಿಟ್ಟೆ. ನಿನ್ನ ಎಡಗಾಲಿನ ಅರಿವು ಕಸಿದ ಆ ಅಪಘಾತದ ಮಾತು ಬೇಡ, ಅದು ಇಬ್ಬರಿಗೂ ಗೊತ್ತು.

ನನ್ನನ್ನು ಕಾಡುವುದು ಆ ಆಷಾಢದ ಸಂಜೆ. ಹೊರಗೆ ಜಡಿಮಳೆ. ನೀನು ಬಚ್ಚಲೊಲೆಯ ಮುಂದೆ ಮಣೆ ಹಾಕಿಕೊಂಡು, ಕಾಲು ಚಾಚಿ ಓದುತ್ತಿದ್ದೆ. ಒಲೆಗೆ ಹಸಿ ಸೌದೆ ತುಂಬಿದವನು ನಾನೇ. ಏನೋ ಸುಟ್ಟ ವಾಸನೆ ಬಂತು. ಅಡಿಕೆ ಹಾಳೆ ಇರಬೇಕು ಎಂದುಕೊಂಡೆ. ಎಷ್ಟು ಹೊತ್ತು ಹಾಗೆಂದುಕೊಂಡೆ? ಐದು ನಿಮಿಷವೋ, ಹತ್ತೋ? ಬಂದು ನೋಡಿದರೆ ಸಿಡಿದ ಕೆಂಡ ನಿನ್ನ ಎಡ ಹಿಮ್ಮಡಿಗೆ ಅಂಟಿಕೊಂಡಿತ್ತು. ನೀನು ತಲೆಯೆತ್ತಿ, "ಏನಪ್ಪಾ, ಕಾಫಿಯೇ?" ಎಂದೆ. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ.

ಗಾಯ ಮೂಳೆಯವರೆಗೆ ಇಳಿದಿತ್ತು. ತೊಡೆಯಿಂದ ತೆಗೆದು ಅಂಟಿಸುವ ತೆಳುಚರ್ಮದ ಜೊತೆ ಅದರ ರಕ್ತನಾಳ ಬರುವುದಿಲ್ಲ, ಬರಿ ಮೂಳೆಯ ಮೇಲೆ ಅದು ಹಿಡಿಯುವುದಿಲ್ಲ ಎಂದರು ಡಾಕ್ಟರ್. ಅಂಗಾಲಿನ ಒಳಬದಿಯ ಕಮಾನಿನಿಂದ, ನಡೆಯುವಾಗ ಭಾರ ಬೀಳದ ಜಾಗದಿಂದ, ಚರ್ಮವನ್ನು ಅದರ ರಕ್ತನಾಳದ ಸಮೇತ ಎಬ್ಬಿಸಿ ಹಿಮ್ಮಡಿಗೆ ತಿರುಗಿಸಿ ಹೊಲಿದರು. ಫ್ಲ್ಯಾಪ್ ಎಂದರೆ ಅದೇ. ಅಡಿಕೆ ಸಸಿಯನ್ನು ಬೇರಿನ ಮಣ್ಣಿನೊಂದಿಗೇ ಕಿತ್ತು ನೆಟ್ಟ ಹಾಗೆ ಎಂದು ನನಗೆ ಅರ್ಥವಾಯಿತು. ಬರಿದಾದ ಕಮಾನಿಗೆ ತೊಡೆಯ ಚರ್ಮ. ನರ್ಸ್ ಗಂಟೆಗೊಮ್ಮೆ ಒತ್ತಿ, ಬಣ್ಣ ಮರಳುತ್ತದೆಯೇ ಎಂದು ನೋಡುತ್ತಿದ್ದರು. ನೀನು ಮಲಗಿದಲ್ಲೇ ಪರೀಕ್ಷೆಗೆ ಓದುತ್ತಿದ್ದೆ. ಅದನ್ನು ಊರಿಗೆಲ್ಲ ಹೇಳಿದ್ದೇನೆ, ನಿನಗೆ ಮಾತ್ರ ಹೇಳಲಿಲ್ಲ.

ಆದರೆ ಕೇಳು. ಅದು ಅಂಗಾಲಿನದೇ ದಪ್ಪ ಚರ್ಮ, ಭಾರ ತಡೆಯುತ್ತದೆ. ಸ್ಪರ್ಶ ಮಾತ್ರ ಬರಲಿಲ್ಲ. ಮೇಲೆ ಸೊಂಟದ ಬಳಿ ನರವೇ ಹೋಗಿರುವಾಗ ಕಮಾನಿನ ಚರ್ಮಕ್ಕೂ ಅರಿವಿರಲಿಲ್ಲ. ರಾತ್ರಿ ಕನ್ನಡಿ ಹಿಡಿದು ಹಿಮ್ಮಡಿ ನೋಡಿಕೋ. ಆ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಹಾಕುವ ಮೊದಲು ಕೈಯಾಡಿಸಿ ನೋಡು, ಕಲ್ಲು ಮೊಳೆ ಸಿಕ್ಕಿರುತ್ತದೆ. ನೀರಿನ ಬಿಸಿಯನ್ನು ಕೈಯಿಂದ ನೋಡು, ಆ ಕಾಲಿನಿಂದಲ್ಲ. ಬರಿಗಾಲಲ್ಲಿ ಹಾಸ್ಟೆಲ್ ಕೋಣೆಯಲ್ಲೂ ಓಡಾಡಬೇಡ. ಚರ್ಮ ಕೆಂಪಾದರೆ ಅಂದೇ ಆ ಕಾಲಿಗೆ ವಿಶ್ರಾಂತಿ ಕೊಟ್ಟು ಡಾಕ್ಟರಿಗೆ ತೋರಿಸು. ನೋವಿಲ್ಲ, ನಾಳೆ ನೋಡೋಣ ಎಂದರೆ... ಮತ್ತೆ ಪಾಠ ಶುರು ಮಾಡಿದೆ.

ಆ ಹತ್ತು ನಿಮಿಷ, ಪುಟ್ಟೀ. ನಿನ್ನ ಕಾಲಿಗೆ ತಿಳಿಯಲಿಲ್ಲ, ನನ್ನ ಮೂಗಿಗೆ ತಿಳಿದಿತ್ತು. ಕ್ಷಮಿಸು.

ಬಸ್ ಬೆಳಿಗ್ಗೆ 6.30ಕ್ಕೆ. ಕೈಗನ್ನಡಿ ಚೀಲದ ಬದಿಯ ಜೇಬಿನಲ್ಲಿದೆ. ನಾನು ರಸ್ತೆಯವರೆಗೆ ಬರುತ್ತೇನೆ. ಚೀಲ ನೀನೇ ಹೊತ್ತುಕೋ.

ನಿನ್ನ
ಅಪ್ಪ