ಭಾನುವಾರ ನನ್ನನ್ನು ಓಡಿಸಿದವರಿಗೆ

ಸ್ಪಾರ್ಟನ್ ಎಂಬ ಅಡೆತಡೆ ಓಟದ ಟ್ರೈಫೆಕ್ಟಾ, ಅಂದರೆ ಮೂರು ರೇಸು, ಮುಗಿಯಿತು. ಶನಿವಾರ ಬೀಸ್ಟ್, ಭಾನುವಾರ ಬೆಳಿಗ್ಗೆ ಸೂಪರ್, ಅದೇ ಮಧ್ಯಾಹ್ನ ಸ್ಪ್ರಿಂಟ್. ಮೆಡಲಿನ ಮೂರು ತುಂಡುಗಳೂ ಕೂಡಿಕೊಂಡಿವೆ. ಫೋಟೋ ನೋಡಿ ಖುಷಿಪಟ್ಟ ಎಲ್ಲರಿಗೂ ಧನ್ಯವಾದ. ಆದರೆ ಆ ಫೋಟೋದಲ್ಲಿ ನಾನೊಬ್ಬಳೇ ನಿಂತಿದ್ದೇನೆ. ಅದು ನನಗೆ ಸರಿ ಕಾಣುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಎಂಥಾ ರೇಸು ಎಂದು ಊರಿನಿಂದ ತುಂಬಾ ಜನ ಕೇಳಿದ್ದೀರಿ. ಓಡುವ ದಾರಿಯಲ್ಲಿ ಅಲ್ಲಲ್ಲಿ ಅಡೆತಡೆ ಇಟ್ಟಿರುತ್ತಾರೆ. ಗೋಡೆ ಹತ್ತಿ ಆಚೆ ಇಳಿಯಬೇಕು. ಮುಳ್ಳುತಂತಿಯ ಕೆಳಗೆ ಕೆಸರಿನಲ್ಲಿ ತೆವಳಬೇಕು. ಜಲ್ಲಿ ತುಂಬಿದ ಬಕೆಟ್ ತಬ್ಬಿಕೊಂಡು ಗುಡ್ಡ ಸುತ್ತಿ ಬರಬೇಕು. ಹಗ್ಗ ಹತ್ತಿ ಮೇಲಿನ ಗಂಟೆ ಹೊಡೆಯಬೇಕು. ಸ್ಪ್ರಿಂಟ್ ಅಂದರೆ 5 ಕಿ.ಮೀ., 20 ಅಡೆತಡೆ. ಸೂಪರ್ 10 ಕಿ.ಮೀ., 25 ಅಡೆತಡೆ. ಬೀಸ್ಟ್ 21 ಕಿ.ಮೀ., 30 ಅಡೆತಡೆ. ಜೋ ಡಿಸೆನಾ ಎಂಬವರು 2010ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಇದನ್ನು ಶುರು ಮಾಡಿದರು. ಒಂದು ವರ್ಷದೊಳಗೆ ಮೂರನ್ನೂ ಮುಗಿಸಿದವರಿಗೆ ಟ್ರೈಫೆಕ್ಟಾ ಸಿಗುತ್ತದೆ. ಕೆಲವರು ಒಂದೇ ವಾರಾಂತ್ಯದಲ್ಲಿ ಮೂರನ್ನೂ ಓಡುತ್ತಾರೆ. ನಾನು ಮಾಡಿದ್ದು ಅದನ್ನೇ, ನ್ಯೂಜೆರ್ಸಿಯ ವರ್ನನ್‌ನಲ್ಲಿರುವ ಮೌಂಟನ್ ಕ್ರೀಕ್ ಗುಡ್ಡದಲ್ಲಿ. ಚಳಿಗಾಲದಲ್ಲಿ ಜನ ಸ್ಕೀ ಮಾಡುವ ಇಳಿಜಾರು ಅದು. ರೇಸಿನಲ್ಲಿ ಅದನ್ನೇ ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು.

ಹತ್ತುವುದೇ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಹತ್ತುವಾಗ ಉಸಿರು ಹೋಗುತ್ತದೆ, ನಿಜ. ಆದರೆ ಎರಡನೇ ದಿನವನ್ನು ಕೆಡಿಸುವುದು ಇಳಿತ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದರಿಂದ ಆಗುವ ಪೆಟ್ಟು ಆಗಲೇ ಗೊತ್ತಾಗುವುದಿಲ್ಲ. ಮರುದಿನ ಮೆಟ್ಟಿಲ ಮುಂದೆ ನಿಂತಾಗ ಗೊತ್ತಾಗುತ್ತದೆ. ಇದನ್ನು ನನಗೆ ಬಿಡಿಸಿ ಹೇಳಿದವರು ನನ್ನ ಫಿಸಿಯೋಥೆರಪಿಸ್ಟ್. ಮೊದಲ ಧನ್ಯವಾದ ಅವರಿಗೆ. ಇಳಿಯುವ ಅಭ್ಯಾಸ ಒಮ್ಮೆ ಚೆನ್ನಾಗಿ ಆದರೆ, ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಸ್ನಾಯು ಅಷ್ಟು ನೋಯುವುದಿಲ್ಲ ಎಂದು ಅವರು ಹೇಳಿದ್ದರು. ಅದಕ್ಕೇ ರೇಸಿಗೆ ಕೆಲವು ವಾರ ಮೊದಲು ವಾಚಂಗ್ ಕಾಡಿನ ಗುಡ್ಡದಲ್ಲಿ ನನ್ನನ್ನು ಬೇಕಂತಲೇ ಇಳಿಸಿದರು. ಮನೆಯಲ್ಲಿ ಒಂದು ಮೆಟ್ಟಿಲ ಮೇಲೆ ನಿಂತು, ಒಂದೇ ಕಾಲಿನಲ್ಲಿ ನಿಧಾನವಾಗಿ ಕೆಳಗಿಳಿಯುವ ವ್ಯಾಯಾಮ ಕೊಟ್ಟರು. ಎಷ್ಟು ಬೇಜಾರಿನ ಕೆಲಸ ಅದು! ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲೂರಿದಾಗ ಅವರನ್ನೇ ನೆನೆದೆ. ನೋವಿತ್ತು. ಆದರೆ ಕಾಲು ಮಾತು ಕೇಳುತ್ತಿತ್ತು.

ಶನಿವಾರ ಮಳೆ. ಏಪ್ರಿಲ್ ಕೊನೆಯ ಮಳೆ, ನಮ್ಮ ಮಲೆನಾಡಿನ ಮಳೆಯಂತೆ ಅಲ್ಲ, ಎಲುಬಿಗೆ ಇಳಿಯುವ ತಣ್ಣನೆಯದು. ಗೋಡೆಯ ಹಲಗೆಗಳೆಲ್ಲ ಜಾರುತ್ತಿದ್ದವು. ನಾನು ಓಡಿದ್ದು ಓಪನ್ ವಿಭಾಗದಲ್ಲಿ. ಎಲೈಟ್ ಮತ್ತು ವಯೋಮಾನದ ವಿಭಾಗದಲ್ಲಿ ಸ್ಪರ್ಧಿಸುವವರು ತಾವೇ ದಾಟಬೇಕು. ಓಪನ್‌ನಲ್ಲಿ ಒಬ್ಬರಿಗೊಬ್ಬರು ಕೈ ಕೊಡಬಹುದು. ಈ ಒಂದು ನಿಯಮಕ್ಕಾಗಿಯೇ ನನಗೆ ಈ ರೇಸಿನ ಮೇಲೆ ಇಷ್ಟೊಂದು ಪ್ರೀತಿ. ಎಂಟಡಿ ಗೋಡೆಯ ಬುಡದಲ್ಲಿ ಎಪ್ಪತ್ತರ ಹತ್ತಿರದ ಹಿರಿಯರೊಬ್ಬರು ನಿಂತಿದ್ದರು. ಅವರೂ ಓಡಲು ಬಂದವರೇ. ಬೆರಳಿಗೆ ಬೆರಳು ಹೆಣೆದು, ಬಂದವರ ಕೆಸರು ಬೂಟನ್ನು ಅಂಗೈಯಲ್ಲಿ ಹೊತ್ತು, ಒಬ್ಬೊಬ್ಬರನ್ನೇ ಮೇಲೆತ್ತುತ್ತಿದ್ದರು. ತಮ್ಮ ಸಮಯ ಹೋಗುತ್ತಿದೆ ಎಂಬ ಚಿಂತೆಯೇ ಅವರಿಗಿರಲಿಲ್ಲ. ನಾನು ಮೇಲೆ ಹತ್ತಿ ತಿರುಗಿ ಥ್ಯಾಂಕ್ಸ್ ಹೇಳುವಷ್ಟರಲ್ಲಿ ಮುಂದಿನವರ ಬೂಟು ಅವರ ಕೈಯಲ್ಲಿತ್ತು. ಅವರ ಹೆಸರು ನನಗೆ ಗೊತ್ತಿಲ್ಲ. ಅವರು ಇದನ್ನು ಓದುವುದೂ ಇಲ್ಲ. ಆದರೂ ಇಲ್ಲಿ ಬರೆದಿಡುತ್ತೇನೆ.

ಒಂದು ಅಡೆತಡೆಯಲ್ಲಿ ಈಟಿ ಎಸೆದು ಗುರಿಗೆ ತಾಗಿಸಬೇಕು. ನನ್ನ ಈಟಿ ತಾಗಲಿಲ್ಲ. ತಪ್ಪಿದರೆ ಶಿಕ್ಷೆಯಾಗಿ ಬರ್ಪಿ. ಅಂದರೆ ನೆಲಕ್ಕೆ ಮಲಗಿ, ಎದ್ದು, ಜಿಗಿಯುವುದು. ಹತ್ತು ಆಗುವಷ್ಟರಲ್ಲಿ ನನ್ನ ತೋಳು ನಡುಗಲು ಶುರುವಾಯಿತು. ಅಲ್ಲಿದ್ದ ಸ್ವಯಂಸೇವಕಿ, ಕಾಲೇಜು ಹುಡುಗಿ ಇರಬೇಕು, ನನ್ನ ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಜೋರಾಗಿ ಎಣಿಸಿದಳು. ಬೆಳಗಿನಿಂದ ಅದೇ ಜಾಗದಲ್ಲಿ, ಪ್ಲಾಸ್ಟಿಕ್ ರೇನ್‌ಕೋಟಿನಲ್ಲಿ ನೆನೆಯುತ್ತಾ ನಿಂತಿದ್ದಳು. ನಾವು ಓಡುತ್ತಾ ಮೈ ಬಿಸಿ ಇಟ್ಟುಕೊಳ್ಳುತ್ತೇವೆ. ನಿಂತವರಿಗೆ ಆ ದಾರಿಯೂ ಇಲ್ಲ. ಅವರಿಗೆ ಸಿಗುವುದು ಒಂದು ಟೀ ಶರ್ಟು, ಮುಂದೊಂದು ರೇಸಿಗೆ ಉಚಿತ ಪ್ರವೇಶ. ಆದರೆ ಅಷ್ಟಕ್ಕೇ ಯಾರೂ ಮಳೆಯಲ್ಲಿ ದಿನವಿಡೀ ನಿಲ್ಲುವುದಿಲ್ಲ ಎಂದು ನನ್ನ ನಂಬಿಕೆ.

ಈಗ ಶನಿವಾರ ರಾತ್ರಿಗೆ ಬರುತ್ತೇನೆ. ಭಾನುವಾರದ ಓಟ ನಿಜವಾಗಿ ನಡೆಯುವುದು ಆ ರಾತ್ರಿ. ಮೈಯಲ್ಲಿ ಕೂಡಿಟ್ಟ ಶಕ್ತಿ ಖಾಲಿಯಾಗಿರುತ್ತದೆ. ಅದನ್ನು ತುಂಬಿಸಲು ಅನ್ನದಂಥ ಊಟ ಚೆನ್ನಾಗಿ ಬೀಳಬೇಕು. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕು. ಆದರೆ ಅಷ್ಟು ಸುಸ್ತಾದಾಗ ಏನೂ ಸೇರುವುದಿಲ್ಲ. ಜೆಲ್, ಎನರ್ಜಿ ಬಾರ್ ತಿಂದು, ಸಿಹಿ ನೀರು ಕುಡಿದು ಕುಡಿದು ಬಾಯಿ ಕೆಟ್ಟಿರುತ್ತದೆ. ಕನ್ನಡ ಕೂಟದ ಇಬ್ಬರು ಗೆಳತಿಯರು ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಮೋಟೆಲಿಗೆ ಬಂದರು. ಡಬ್ಬಿಯಲ್ಲಿ ಬಿಸಿ ಅನ್ನ, ತಿಳಿಸಾರು, ಮೊಸರನ್ನ, ಜೊತೆಗೆ ಅಪ್ಪೆಮಿಡಿ ಉಪ್ಪಿನಕಾಯಿ. ಆ ಮಿಡಿಯ ವಾಸನೆಗೇ ನನಗೆ ಹಸಿವು ಬಂತು. ಎಷ್ಟು ತಿಂದೆನೋ ನೆನಪಿಲ್ಲ. ನಾನು ತಿನ್ನುತ್ತಿದ್ದಾಗ ಒಬ್ಬಳು ನನ್ನ ಅಂಗೈ ಹಿಡಿದು, ಕಿತ್ತುಹೋದ ಚರ್ಮವನ್ನು ತೊಳೆದು ಟೇಪ್ ಸುತ್ತಿದಳು. ನಮ್ಮನೆಯವರು ಒದ್ದೆ ಶೂಗಳಿಗೆ ಪೇಪರ್ ತುರುಕಿ, ಗಂಟೆಗೊಮ್ಮೆ ಎದ್ದು ಬದಲಾಯಿಸುತ್ತಾ ಕೂತಿದ್ದರು. ಬೆಳಿಗ್ಗೆ ಶೂ ಒಣಗಿತ್ತು. ಅವರ ಕಣ್ಣು ಕೆಂಪಾಗಿತ್ತು. ಈ ಮೂವರಿಗೆ ಹೇಗೆ ಥ್ಯಾಂಕ್ಸ್ ಹೇಳಲಿ? ಹೇಳುತ್ತಿದ್ದೇನೆ, ಅಷ್ಟೇ.

ಭಾನುವಾರದ ಸೂಪರ್‌ನಲ್ಲಿ ನನಗೆ ಭಯ ಇದ್ದದ್ದು ಹಗ್ಗದ್ದು. ಹಿಡಿತ ಎಲ್ಲಾ ಹಿಂದಿನ ದಿನವೇ ಖರ್ಚಾಗಿತ್ತು. ಮುಂಗೈ ಕಲ್ಲಿನಂತೆ ಬಿಗಿದುಕೊಂಡಿತ್ತು. ಹಗ್ಗದ ಕೆಳಗೆ ನಿಂತಾಗ ನನಗೆ ನೆನಪಾದದ್ದು ಸಾಗರದ ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡರು. ಕಾಲಿಗೆ ತಳೆ, ಅಂದರೆ ಮರ ಹತ್ತಲು ಪಾದಕ್ಕೆ ಹಾಕುವ ಬಳೆ, ಹಾಕಿಕೊಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಅಡಿಕೆ ಮರ ಹತ್ತುತ್ತಿದ್ದರು. ಒಂದು ಮರದಿಂದ ಇಳಿಯದೆ ಬಾಗಿ ಇನ್ನೊಂದಕ್ಕೆ ದಾಟುತ್ತಿದ್ದರು. ಕೊಯ್ದ ಅಡಿಕೆ ಗೊನೆ ಹಗ್ಗದ ಮೇಲೆ ಜಾರಿ ಕೆಳಗಿದ್ದವರ ಕೈಗೆ ಬರುತ್ತಿತ್ತು. ನಾವು ಮಕ್ಕಳು ಅವರ ತಳೆ ಹಾಕಿಕೊಂಡು ಹತ್ತಲು ಹೋಗಿ ತೋಳು ನೋಯಿಸಿಕೊಂಡಾಗ ಹೇಳಿದ್ದರು: "ಕೈಯಲ್ಲಿ ಹತ್ತಬಾರದು ತಂಗೀ. ಕೈ ಹಿಡ್ಕೊಳ್ಳೋಕೆ. ಹತ್ತೋದು ಕಾಲಲ್ಲಿ." ಹಗ್ಗ ಹತ್ತುವುದರ ಗುಟ್ಟೂ ಇಷ್ಟೇ. ಎರಡು ಪಾದದ ನಡುವೆ ಹಗ್ಗವನ್ನು ಮಡಚಿ ಒತ್ತಿ, ಅದರ ಮೇಲೆ ಎದ್ದು ನಿಲ್ಲಬೇಕು. ಕೈ ಮೇಲಕ್ಕೆ ಹೋಗಬೇಕು. ಮತ್ತೆ ಪಾದ ಒತ್ತಬೇಕು. ಹಾಗೇ ಹೋದೆ. ಗಂಟೆ ಹೊಡೆದೆ. ಮಧ್ಯಾಹ್ನ ಸ್ಪ್ರಿಂಟ್‌ನಲ್ಲಿ ಅದೇ ಹಗ್ಗ ಮತ್ತೆ ಬಂತು, ಮತ್ತೆ ಹಾಗೇ ಹೋದೆ. ಗೌಡರು ಈಗ ಇಲ್ಲ. ಅವರ ಮಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ತುಂಬಾ ಹೊತ್ತು ಮಾತಾಡಿದೆವು.

ಸ್ಪ್ರಿಂಟ್ ಬಗ್ಗೆ ಜಾಸ್ತಿ ಹೇಳಲು ಇಲ್ಲ. ಹಿಂದೆ ಮುಂದೆ ಇದ್ದವರೆಲ್ಲ ನನ್ನಂತೆ ಮೂರನೆಯದನ್ನು ಓಡುತ್ತಿದ್ದವರು. ಮಾತೇ ಇರಲಿಲ್ಲ. ಯಾರಾದರೂ ನಿಂತರೆ ಹಿಂದಿನವರು ಬೆನ್ನು ತಟ್ಟುತ್ತಿದ್ದರು, ಅಷ್ಟೇ. ನನ್ನ ಬೆನ್ನನ್ನೂ ಯಾರೋ ತಟ್ಟಿದರು.

ಮಗಳಿಗೆ ಒಂದು ಮಾತು. ಸಂಜೆ ಪಾರ್ಕಿನಲ್ಲಿ ಮಂಕಿ ಬಾರ್ ಹಿಡಿದು ನೇತಾಡುವ ಅಮ್ಮನ ಪಕ್ಕದಲ್ಲಿ ನಾಚಿಕೆ ಇಲ್ಲದೆ ನಿಂತು, ಸೆಕೆಂಡು ಎಣಿಸಿದೆಯಲ್ಲ, ಅದು ದೊಡ್ಡ ಸಹಾಯ ಪುಟ್ಟಾ. ಊರಿನಲ್ಲಿರುವ ಅಮ್ಮನಿಗೂ ಧನ್ಯವಾದ. ಎರಡೂ ದಿನ ನಿದ್ದೆಗೆಟ್ಟು ಕೂತು, ಮುಗಿದ ಮೇಲೆ ಮೆಡಲ್ ವಿಚಾರ ಬಿಟ್ಟು "ಕೂಸೇ, ಕಾಲು ಹ್ಯಾಂಗಿದ್ದು?" ಎಂದು ಮೊದಲು ಕೇಳಿದ್ದಕ್ಕೆ. ಕಾಲು ಚೆನ್ನಾಗಿದೆ ಅಮ್ಮಾ. ಒಂದು ಉಗುರು ಕಪ್ಪಾಗಿದೆ, ಬಿದ್ದು ಹೊಸದು ಬರುತ್ತದೆ.

ಇಲ್ಲೇ ಹತ್ತಿರದಲ್ಲಿ ನಡೆಯುವ ಮುಂದಿನ ರೇಸಿಗೆ ಸ್ವಯಂಸೇವಕಿಯಾಗಿ ಹೆಸರು ಕೊಟ್ಟಿದ್ದೇನೆ. ಎಂಟಡಿ ಗೋಡೆಯ ಹತ್ತಿರ ಹಾಕಿ ಎಂದು ಕೇಳಿಕೊಂಡಿದ್ದೇನೆ, ಕೊಡುತ್ತಾರೋ ನೋಡೋಣ. ಗೆಳತಿಯರಿಬ್ಬರೂ ಬರುತ್ತಿದ್ದಾರೆ. ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ. ಬರುವವರು ಹೇಳಿ. ಬೆಳಿಗ್ಗೆ ಬೇಗ ಹೊರಡಬೇಕು, ರೇನ್‌ಕೋಟ್ ತನ್ನಿ. ಊಟ ನಾನು ಕಟ್ಟಿಕೊಂಡು ಬರುತ್ತೇನೆ.